ಬ್ಯಾಟರಿ ಸಿಂಪರಣಾ ಯಂತ್ರಗಳಲ್ಲಿ ಶಾರ್ಟ್ ಸರ್ಕ್ಯೂಟ್: ಪತ್ತೆ ಹಚ್ಚುವ ಮತ್ತು ತಡೆಯುವ ವಿಧಾನ

ಬೆನ್ನಿಗೆ ಹೊತ್ತು ಕೈಯಿಂದ ಒತ್ತುವ ಸಿಂಪರಣಾ ಯಂತ್ರಗಳ ಸ್ಥಾನವನ್ನು ಇಂದು ಹೆಚ್ಚಿನ ಹಳ್ಳಿಗಳಲ್ಲಿ ಬ್ಯಾಟರಿ ಚಾಲಿತ ಯಂತ್ರಗಳು ಪಡೆದುಕೊಂಡಿವೆ. ನಾಜಲ್ಲಿನ ಆಯ್ಕೆ, ದ್ರಾವಣದ ಪ್ರಮಾಣ, ಸಿಂಪಡಿಸುವ ವೇಳೆ ಇವುಗಳ ಬಗ್ಗೆ ರೈತರಿಗೆ ಸಾಕಷ್ಟು ಮಾಹಿತಿ ದೊರೆಯುತ್ತಿದೆ. ಆದರೆ ಯಂತ್ರದ ತಳದಲ್ಲಿ ಅಡಗಿರುವ ಬ್ಯಾಟರಿಯ ಕಡೆಗೆ ಗಮನ ಹೋಗುವುದು ಅದು ಕೆಟ್ಟ ದಿನವೇ. ಮೋಡ ಕವಿದ ವಾತಾವರಣದಲ್ಲಿ ಆಲೂಗಡ್ಡೆಯ ಅಂಗಮಾರಿ ಹರಡುತ್ತಿರುವಾಗ ಅಥವಾ ಮೆಕ್ಕೆಜೋಳದ ಸುಳಿಯಲ್ಲಿ ಸೈನಿಕ ಹುಳುವಿನ ಮರಿಗಳು ಇನ್ನೂ ಚಿಕ್ಕವಿರುವಾಗ ಯಂತ್ರ ಎರಡು ದಿನ ನಿಂತರೆ ಆಗುವ ನಷ್ಟ ಬ್ಯಾಟರಿಯ ಬೆಲೆಗಿಂತ ಎಷ್ಟೋ ಹೆಚ್ಚು. ಇದಕ್ಕಿಂತ ಗಂಭೀರವಾದುದು ಬೆಂಕಿಯ ಅಪಾಯ. ರಾತ್ರಿಯಿಡೀ ಮನೆಯೊಳಗೆ, ಅದೂ ಕೀಟನಾಶಕದ ಡಬ್ಬಿಗಳ ಪಕ್ಕದಲ್ಲಿ ಚಾರ್ಜಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಸಾಮಾನ್ಯವಾಗಿದೆ. 'ಇ.ಸಿ.' ಎಂದು ಲೇಬಲ್ಲಿನ ಮೇಲೆ ನಮೂದಿಸಿರುವ ಕೀಟನಾಶಕಗಳಲ್ಲಿ ಹೆಚ್ಚಿನವು ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಕಗಳನ್ನು ಹೊಂದಿರುತ್ತವೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಶಾರ್ಟ್ ಸರ್ಕ್ಯೂಟ್ ಎಂದರೇನು?

ಬ್ಯಾಟರಿಯ ಧನ ಮತ್ತು ಋಣ ಧ್ರುವಗಳ ನಡುವೆ ಮೋಟಾರಿನಂತಹ ಹೊರೆಯಿಲ್ಲದೆ ವಿದ್ಯುತ್ತು ನೇರವಾಗಿ ಹರಿಯುವ ದಾರಿ ಏರ್ಪಡುವುದೇ ಶಾರ್ಟ್ ಸರ್ಕ್ಯೂಟ್. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಹ್ರಸ್ವಮಂಡಲ ಎಂಬ ಹೆಸರಿದೆ. 12 ವೋಲ್ಟಿನ ಬ್ಯಾಟರಿ ಚಿಕ್ಕದು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ಸರಿಯಲ್ಲ. 12 ವೋಲ್ಟ್, 8 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿಯ ಒಳಗಿನ ಪ್ರತಿರೋಧ ಸುಮಾರು 0.02 ಓಮ್‌ನ ಆಸುಪಾಸಿನಲ್ಲಿರುತ್ತದೆ. 12 ಅನ್ನು 0.02ರಿಂದ ಭಾಗಿಸಿದರೆ 600 ಆಂಪಿಯರ್ ಬರುತ್ತದೆ. ತಂತಿ ಮತ್ತು ಜೋಡಣೆಗಳ ಪ್ರತಿರೋಧವೂ ಸೇರುವುದರಿಂದ ವಾಸ್ತವದಲ್ಲಿ ಇಷ್ಟು ಹರಿಯುವುದಿಲ್ಲವಾದರೂ ನೂರಾರು ಆಂಪಿಯರ್ ಹರಿಯುವುದು ಸಾಧ್ಯ. ಪಂಪು ಕೆಲಸ ಮಾಡುವಾಗ ಎಳೆಯುವುದು ಕೇವಲ 2ರಿಂದ 4 ಆಂಪಿಯರ್. ಆ ಪ್ರಮಾಣಕ್ಕೆಂದು ಹಾಕಿದ ತೆಳ್ಳನೆಯ ತಂತಿ ಕ್ಷಣಾರ್ಧದಲ್ಲಿ ಕೆಂಪಗೆ ಕಾಯುವುದು ಈ ಕಾರಣದಿಂದಲೇ.

ರೈತರು 'ಶಾರ್ಟ್ ಆಗಿದೆ' ಎಂದು ತರುವ ಯಂತ್ರಗಳೆಲ್ಲವೂ ಶಾರ್ಟ್ ಆಗಿರುವುದಿಲ್ಲ. ಮೂರು ದೋಷಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ತಂತಿ, ಸ್ವಿಚ್ಚು ಅಥವಾ ಚಾರ್ಜಿಂಗ್ ಸಾಕೆಟ್ಟಿನಲ್ಲಿ ಲೋಹಕ್ಕೆ ಲೋಹ ತಗುಲಿದ ನಿಜವಾದ ಶಾರ್ಟ್; ಇದರಲ್ಲಿ ಫ್ಯೂಸು ತಕ್ಷಣ ಸುಡುತ್ತದೆ. ಎರಡು, ಒದ್ದೆ ಅಥವಾ ಲವಣದ ಪದರದ ಮೂಲಕ ಆಗುವ ಸೋರಿಕೆ. ಇದರಲ್ಲಿ ಫ್ಯೂಸು ಸುಡುವುದಿಲ್ಲ, ಆದರೆ ರಾತ್ರಿ ತುಂಬಿಸಿಟ್ಟ ಬ್ಯಾಟರಿ ಕೆಲವೇ ದಿನಗಳಲ್ಲಿ ತಾನಾಗಿ ಬರಿದಾಗುತ್ತದೆ. ಮೂರು, ಬ್ಯಾಟರಿಯ ಕೋಶದೊಳಗೇ ಉಂಟಾದ ಶಾರ್ಟ್. ಇದು ಹೊರಗಿನಿಂದ ಕಾಣುವುದಿಲ್ಲ, ದುರಸ್ತಿಯೂ ಇಲ್ಲ. ಇವುಗಳ ಜೊತೆಗೆ ಶಾರ್ಟ್ ಎಂದು ತಪ್ಪಾಗಿ ತಿಳಿಯುವ ಇನ್ನೊಂದು ಸಂದರ್ಭವಿದೆ. ನೀರಿನಲ್ಲಿ ಕರಗದೆ ತೇಲುವ ಪುಡಿ ರೂಪದ ಶಿಲೀಂಧ್ರನಾಶಕವನ್ನು ಸಿಂಪಡಿಸಿ ಪಂಪನ್ನು ತೊಳೆಯದೆ ಬಿಟ್ಟರೆ, ಒಣಗಿದ ಪುಡಿ ಡಯಾಫ್ರಾಂ ಪಂಪಿನ ಕವಾಟಗಳನ್ನು ಹಿಡಿದುಕೊಳ್ಳುತ್ತದೆ. ತಿರುಗಲಾರದ ಮೋಟಾರು ಅನೇಕ ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆದು ಫ್ಯೂಸನ್ನು ಸುಡುತ್ತದೆ. ಇಲ್ಲಿ ಬೇಕಿರುವುದು ಹೊಸ ಬ್ಯಾಟರಿಯಲ್ಲ, ಪಂಪನ್ನು ಬಿಚ್ಚಿ ತೊಳೆಯುವ ಕೆಲಸ.

ಸಿಂಪಡಿಸುವ ದ್ರಾವಣದ ಪಾತ್ರ

ಬ್ಯಾಟರಿ ಮಾರುವವರು ಇದನ್ನು ಅಪರೂಪಕ್ಕೆ ಹೇಳುತ್ತಾರೆ, ಬೇಸಾಯಶಾಸ್ತ್ರದವರು ಹೇಳಲೇಬೇಕು. ಎಲ್ಲ ದ್ರಾವಣಗಳೂ ವಿದ್ಯುತ್ತನ್ನು ಒಂದೇ ರೀತಿ ಹರಿಸುವುದಿಲ್ಲ. ಯೂರಿಯಾ ನೀರಿನಲ್ಲಿ ಕರಗಿದರೂ ಅಯಾನುಗಳಾಗಿ ಒಡೆಯುವುದಿಲ್ಲ. ಹಾಗಾಗಿ ಬರಿಯ ಯೂರಿಯಾ ದ್ರಾವಣ ದುರ್ಬಲ ವಾಹಕ. ಆದರೆ 19:19:19, ಪೊಟ್ಯಾಸಿಯಂ ನೈಟ್ರೇಟ್, ಸತುವಿನ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್ ಇವೆಲ್ಲ ಲವಣಗಳು ಅಥವಾ ಲವಣಗಳ ಮಿಶ್ರಣಗಳು. 2,4-ಡಿ ಸೋಡಿಯಂ ಲವಣ ಮತ್ತು ಗ್ಲೈಫೋಸೇಟ್‌ನಂತಹ ಕಳೆನಾಶಕಗಳೂ ಲವಣ ರೂಪದಲ್ಲಿಯೇ ಮಾರಾಟವಾಗುತ್ತವೆ. ಇವು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತವೆ ಮತ್ತು ತಾಮ್ರವನ್ನು ತಿನ್ನುತ್ತವೆ. ಮೈಲುತುತ್ತಕ್ಕೆ ಸುಣ್ಣ ಸಾಲದೆ ಹೋದ ಬೋರ್ಡೋ ದ್ರಾವಣವೂ ಹಾಗೆಯೇ.

ಹೆಚ್ಚಿನ ಮಾದರಿಗಳಲ್ಲಿ ಬ್ಯಾಟರಿ ಇರುವುದು ಟ್ಯಾಂಕಿನ ಕೆಳಗೆ. ತುಂಬಿಸುವಾಗ ಚೆಲ್ಲಿದ ದ್ರಾವಣ, ಪಂಪಿನ ಕೊಳವೆಯ ಬಾಯಿಂದ ಜಿನುಗಿದ ಹನಿ ಎಲ್ಲವೂ ಇಳಿದು ಸೇರುವುದು ಆ ಗೂಡಿಗೆ. ಎರಡು ಟರ್ಮಿನಲ್‌ಗಳ ನಡುವೆ ಲವಣದ ತೆಳು ಪದರ ಬಿದ್ದರೆ ಅಲ್ಲಿ ನಿಧಾನವಾಗಿ ವಿದ್ಯುದ್ವಿಶ್ಲೇಷಣೆ ಆರಂಭವಾಗುತ್ತದೆ. ಧನ ಧ್ರುವಕ್ಕೆ ಕೂಡಿಸಿದ ತಾಮ್ರ ಕರಗಿ ಹಸಿರು-ನೀಲಿ ಪುಡಿ ಕಟ್ಟುತ್ತದೆ. ಈ ಪುಡಿ ಕೇವಲ ಕೊಳೆಯಲ್ಲ. ವಿದ್ಯುತ್ತು ಹರಿಯುತ್ತಿದೆ ಎಂಬುದಕ್ಕೆ ಸಾಕ್ಷಿ. ಸೋರಿಕೆ 50 ಮಿಲಿ ಆಂಪಿಯರ್ ಇದ್ದರೂ ಸಾಕು, 8 ಆಂಪಿಯರ್-ಅವರ್ ಬ್ಯಾಟರಿ 160 ಗಂಟೆಗಳಲ್ಲಿ, ಅಂದರೆ ಒಂದು ವಾರದೊಳಗೆ ಪೂರ್ತಿ ಬರಿದಾಗುತ್ತದೆ. 'ಹೊಸ ಬ್ಯಾಟರಿಯೂ ನಿಲ್ಲುತ್ತಿಲ್ಲ' ಎಂಬ ದೂರಿನ ಹಿಂದೆ ಇಂತಹ ಸೋರಿಕೆ ಇರುವುದುಂಟು.

ಪತ್ತೆ ಹಚ್ಚುವ ಕ್ರಮ

ಮೊದಲು ಕಣ್ಣು, ಮೂಗು ಮತ್ತು ಕೈಗಳ ಪರೀಕ್ಷೆ. ಚಾರ್ಜರನ್ನು ಗೋಡೆಯ ಸಾಕೆಟ್ಟಿನಿಂದ ಕಿತ್ತು, ಯಂತ್ರದ ಸ್ವಿಚ್ಚನ್ನು ಆರಿಸಿ ಬ್ಯಾಟರಿ ಗೂಡನ್ನು ತೆರೆಯಿರಿ. ಉಂಗುರ, ಬಳೆ, ಲೋಹದ ಪಟ್ಟಿಯ ಕೈಗಡಿಯಾರಗಳನ್ನು ಕಳಚಿಡಿ. ಬ್ಯಾಟರಿ ಉಬ್ಬಿದೆಯೇ, ಬಿಸಿಯಾಗಿದೆಯೇ, ಕೊಳೆತ ಮೊಟ್ಟೆಯ ಅಥವಾ ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದೆಯೇ ಎಂದು ಗಮನಿಸಿ. ಲಿಥಿಯಂ ಪ್ಯಾಕ್ ಉಬ್ಬಿದ್ದರೆ ಅಥವಾ ಬಳಸದೆಯೇ ಬಿಸಿಯಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಅದನ್ನು ಮನೆಯಿಂದ ದೂರ, ಬಯಲಿನಲ್ಲಿ, ಹುಲ್ಲು ಸೌದೆಗಳಿಲ್ಲದ ಕಡೆ ಇಡಬೇಕು. ತಂತಿಗಳ ಹೊದಿಕೆ ಎಲ್ಲಾದರೂ ಕರಗಿದೆಯೇ, ತಗಡಿನ ಅಂಚಿಗೆ ಉಜ್ಜಿದೆಯೇ ಎಂದು ಉದ್ದಕ್ಕೂ ನೋಡಿ. ಇಲಿ ಕಡಿದ ಗುರುತನ್ನೂ ಹುಡುಕಿ. ಹಂಗಾಮು ಮುಗಿದ ಮೇಲೆ ಕಾಳಿನ ಚೀಲಗಳ ನಡುವೆ ಇಟ್ಟ ಯಂತ್ರಗಳಲ್ಲಿ ಇಲಿಯೇ ಮುಖ್ಯ ಆರೋಪಿ.

ಎರಡನೆಯದು ಮಲ್ಟಿಮೀಟರ್ ಪರೀಕ್ಷೆ. ಸಾಧಾರಣ ಡಿಜಿಟಲ್ ಮೀಟರ್ ಇದಕ್ಕೆ ಸಾಕು. ಆದರೆ ಎರಡು ಎಚ್ಚರಿಕೆಗಳಿವೆ. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ರಂಧ್ರದಲ್ಲಿಟ್ಟು ಬ್ಯಾಟರಿಯ ಎರಡು ಧ್ರುವಗಳಿಗೆ ಎಂದಿಗೂ ಮುಟ್ಟಿಸಬಾರದು. ಆಗ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಬ್ಯಾಟರಿ ಕೂಡಿರುವಾಗ ಓಮ್ ಅಳತೆಯನ್ನೂ ಮಾಡಬಾರದು.

ಬ್ಯಾಟರಿಯನ್ನು ಕಳಚಿ, ಮೀಟರನ್ನು 200 ಓಮ್‌ಗೆ ತಿರುಗಿಸಿ, ಮೊದಲು ಮೀಟರಿನ ಎರಡು ಮೊನೆಗಳನ್ನು ಪರಸ್ಪರ ತಾಗಿಸಿ ಬರುವ ಅಂಕಿಯನ್ನು ಗುರುತಿಸಿಕೊಳ್ಳಿ. ಅದು ಮೀಟರಿನ ತಂತಿಗಳದ್ದೇ ಪ್ರತಿರೋಧ. ಸುಟ್ಟ ಫ್ಯೂಸಿದ್ದರೆ ಒಳ್ಳೆಯದನ್ನು ಹಾಕಿಕೊಂಡು, ಬ್ಯಾಟರಿಗೆ ಕೂಡುವ ಎರಡು ತಂತಿಗಳ ನಡುವೆ ಅಳೆಯಿರಿ. ಸ್ವಿಚ್ಚು ಆರಿರುವಾಗಲೇ ಮೊದಲಿನ ಅಂಕಿಯೇ ಬಂದರೆ ದೋಷ ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ತಂತಿಯಲ್ಲಿ ಅಥವಾ ಚಾರ್ಜಿಂಗ್ ಸಾಕೆಟ್ಟಿನಲ್ಲಿ ಇದೆ. ಸ್ವಿಚ್ಚು ಹಾಕಿದಾಗ ಮಾತ್ರ ಅಂಕಿ ತೀರ ಕೆಳಗಿಳಿದರೆ ಅವಸರದ ತೀರ್ಮಾನ ಬೇಡ. ಒಳ್ಳೆಯ ಮೋಟಾರಿನ ಸುರುಳಿಯೂ ಒಂದೆರಡು ಓಮ್ ಮಾತ್ರ ತೋರಿಸುತ್ತದೆ. ಮೋಟಾರಿನ ಕೊಂಡಿಯನ್ನು ಬಿಡಿಸಿ ಮತ್ತೆ ಅಳೆಯಿರಿ. ಈಗಲೂ ಸೊನ್ನೆಯ ಹತ್ತಿರವೇ ಇದ್ದರೆ ದೋಷ ತಂತಿಯಲ್ಲಿ ಅಥವಾ ವೇಗ ನಿಯಂತ್ರಕದಲ್ಲಿ; ಇಲ್ಲವಾದರೆ ಮೋಟಾರಿನಲ್ಲಿ ಅಥವಾ ಪಂಪಿನಲ್ಲಿ.

ಮೀಟರ್ ಇಲ್ಲದ ಕಡೆ ವಾಹನ ಎಲೆಕ್ಟ್ರಿಷಿಯನ್ನರ ಹಳೆಯ ಉಪಾಯವೊಂದು ಬಹಳ ಉಪಯುಕ್ತ. ವಾಹನದ ಇಂಡಿಕೇಟರಿಗೆ ಬಳಸುವ 12 ವೋಲ್ಟ್, 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದು, ಫ್ಯೂಸನ್ನು ಕಿತ್ತು ಅದರ ಜಾಗದಲ್ಲಿ ಈ ಬಲ್ಬನ್ನು ಕೂಡಿಸಬೇಕು. ಎಂತಹ ಶಾರ್ಟ್ ಇದ್ದರೂ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಆದ್ದರಿಂದ ತಂತಿ ಸುಡುವ ಭಯವಿಲ್ಲದೆ ಹುಡುಕಬಹುದು. ಸ್ವಿಚ್ಚು ಆರಿದಾಗ ಬಲ್ಬು ಉರಿಯಬಾರದು. ಉರಿದರೆ ಒಂದೊಂದೇ ಭಾಗವನ್ನು ಬಿಡಿಸುತ್ತ ಹೋಗಿ; ಯಾವುದನ್ನು ಬಿಡಿಸಿದಾಗ ಬಲ್ಬು ನಂದುತ್ತದೆಯೋ ಅಲ್ಲಿಯೇ ದೋಷ. ಮೋಟಾರನ್ನು ಬಿಡಿಸಿಟ್ಟು ಸ್ವಿಚ್ಚು ಹಾಕಿ ಮುಂದಿನ ಭಾಗವನ್ನೂ ಹೀಗೆಯೇ ನೋಡಿ. ವೇಗ ನಿಯಂತ್ರಕವಿರುವ ಯಂತ್ರಗಳಲ್ಲಿ ಬಲ್ಬು ಒಮ್ಮೆ ಮಿನುಗಿ ಆರುವುದು ಸಹಜ. ಮೋಟಾರನ್ನು ಮಾತ್ರ ಈ ಬಲ್ಬಿನಿಂದ ಅಳೆಯಬೇಡಿ, ಏಕೆಂದರೆ ಒಳ್ಳೆಯ ಮೋಟಾರು ಕೂಡಿದ್ದರೂ ಬಲ್ಬು ಪ್ರಕಾಶಮಾನವಾಗಿಯೇ ಉರಿಯುತ್ತದೆ.

ಸೋರಿಕೆಯೋ ಬ್ಯಾಟರಿಯ ಒಳದೋಷವೋ ಎಂಬುದನ್ನು ತಿಳಿಯಲು ಖರ್ಚಿಲ್ಲದ ದಾರಿಯಿದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಕೆಲವು ಗಂಟೆ ವಿಶ್ರಾಂತಿ ಕೊಟ್ಟು ವೋಲ್ಟ್ ಅಳೆದು ಬರೆದಿಡಿ. ಯಂತ್ರದಿಂದ ಕಳಚಿ ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಹೆಚ್ಚೇನೂ ಇಳಿಯದಿದ್ದರೆ ಬ್ಯಾಟರಿ ಸರಿಯಿದೆ. ಅದೇ ಬ್ಯಾಟರಿ ಯಂತ್ರಕ್ಕೆ ಕೂಡಿಸಿಟ್ಟಾಗ ಮಾತ್ರ ಇಳಿಯುತ್ತದೆಯೆಂದರೆ ಸೋರಿಕೆ ಯಂತ್ರದಲ್ಲಿದೆ. ಕಳಚಿಟ್ಟಾಗಲೂ ಇಳಿದರೆ ದೋಷ ಬ್ಯಾಟರಿಯದೇ.

ಸೀಸ-ಆಮ್ಲ ಬ್ಯಾಟರಿಯ ಒಳಗಿನ ಶಾರ್ಟ್

12 ವೋಲ್ಟಿನ ಬ್ಯಾಟರಿಯೊಳಗೆ ಆರು ಕೋಶಗಳಿವೆ. ಪೂರ್ತಿ ತುಂಬಿ ವಿಶ್ರಾಂತಿ ಪಡೆದ ಒಳ್ಳೆಯ ಬ್ಯಾಟರಿ 12.7 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. ಎಷ್ಟು ಚಾರ್ಜು ಮಾಡಿದರೂ 10.5ರ ಆಸುಪಾಸಿನಲ್ಲಿಯೇ ನಿಂತರೆ ಒಂದು ಕೋಶ ಶಾರ್ಟ್ ಆಗಿದೆ ಎಂದು ತಿಳಿಯಬಹುದು. ಪ್ರತಿ ಕೋಶದ ಪಾಲು ಸುಮಾರು 2.1 ವೋಲ್ಟ್. ಇಂತಹ ಬ್ಯಾಟರಿಗೆ ಚಾರ್ಜರ್ ಕೂಡಿಸಿದರೆ ಅದರ ಹಸಿರು ದೀಪ ಬರುವುದೇ ಇಲ್ಲ. 14.4 ವೋಲ್ಟಿನ ಚಾರ್ಜರ್ ಆರು ಕೋಶಗಳಿಗೆ ಹಂಚಬೇಕಾದುದನ್ನು ಐದಕ್ಕೆ ಹಂಚುತ್ತದೆ, ಒಂದೊಂದಕ್ಕೆ 2.88 ವೋಲ್ಟ್ ಬೀಳುತ್ತದೆ. ಉಳಿದ ಐದೂ ಕುದಿದಂತಾಗಿ ಅನಿಲ ಬಿಡುತ್ತವೆ, ಬ್ಯಾಟರಿ ಉಬ್ಬುತ್ತದೆ. ಹೊರಬರುವ ಜಲಜನಕ ಒಂದು ಕಿಡಿಗೆ ಸಿಡಿಯಬಲ್ಲದು. 'ಇನ್ನೂ ಚಾರ್ಜು ಆಗಿಲ್ಲ, ಬೆಳಗಿನವರೆಗೆ ಇರಲಿ' ಎಂದು ಬಿಡುವುದು ಇದಕ್ಕಾಗಿಯೇ ಅಪಾಯಕರ.

ಈ ಒಳದೋಷಕ್ಕೆ ಬಹಳ ಸಲ ಕಾರಣವಾಗುವುದು ಬರಿದಾದ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡುವುದು. ಬರಿದಾದಂತೆ ಆಮ್ಲ ನೀರಾಗುತ್ತದೆ, ಆ ನೀರಿನಲ್ಲಿ ಸೀಸದ ಲವಣ ಹೆಚ್ಚು ಕರಗುತ್ತದೆ. ಮತ್ತೆ ಚಾರ್ಜು ಮಾಡಿದಾಗ ಅದು ಫಲಕಗಳ ನಡುವಿನ ತಡಿಕೆಯಲ್ಲಿ ಸೀಸದ ಎಳೆಗಳಾಗಿ ಬೆಳೆದು ಎರಡು ಫಲಕಗಳನ್ನು ಕೂಡಿಸಿಬಿಡುತ್ತದೆ. ಸಿಂಪಡಿಸಿದ ದಿನವೇ ಚಾರ್ಜು ಮಾಡಿ, ಹಂಗಾಮಿಲ್ಲದ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಚಾರ್ಜು ಕೊಟ್ಟರೆ ಈ ದೋಷ ಬಹುಪಾಲು ತಪ್ಪುತ್ತದೆ.

ಲಿಥಿಯಂ ಪ್ಯಾಕ್‌ಗಳು

ಹಗುರವಾದ ಹೊಸ ಯಂತ್ರಗಳಲ್ಲಿ ಬೆರಳುದ್ದದ ಸಿಲಿಂಡರಾಕಾರದ ಲಿಥಿಯಂ ಅಯಾನ್ ಕೋಶಗಳಿರುತ್ತವೆ. ಮೂರು ಗುಂಪುಗಳ ಸರಣಿಯಿದ್ದರೆ ಪೂರ್ತಿ ತುಂಬಿದಾಗ 12.6 ವೋಲ್ಟ್. ಇದಕ್ಕೆ 14.4 ವೋಲ್ಟಿನ ಹಳೆಯ ಸೀಸ-ಆಮ್ಲ ಚಾರ್ಜರನ್ನು, ಪಿನ್ನು ಹೊಂದುತ್ತದೆಂಬ ಒಂದೇ ಕಾರಣಕ್ಕೆ ಚುಚ್ಚುವವರಿದ್ದಾರೆ. 4.2 ವೋಲ್ಟಿಗೆ ನಿಲ್ಲಬೇಕಾದ ಕೋಶವನ್ನು 4.8ರವರೆಗೆ ಒತ್ತುವ ಈ ಕೆಲಸದಿಂದ ರಕ್ಷಿಸುವುದು ಪ್ಯಾಕಿನೊಳಗಿನ ಬಿಎಂಎಸ್ ಎಂಬ ರಕ್ಷಣಾ ಫಲಕ ಮಾತ್ರ. ಅಗ್ಗದ ಪ್ಯಾಕ್‌ಗಳಲ್ಲಿ ಅದೇ ಇಲ್ಲದಿರಬಹುದು. ಚಾರ್ಜರಿನ ಮೇಲೆ ಯಂತ್ರದ ಹೆಸರನ್ನು ಬಣ್ಣದಿಂದ ಬರೆದಿಡಿ.

ಹೊರಗೆ ಶಾರ್ಟ್ ಆದಾಗ ಬಿಎಂಎಸ್ ವಿದ್ಯುತ್ತನ್ನು ಕಡಿದು ಪ್ಯಾಕ್ ಸೊನ್ನೆ ವೋಲ್ಟ್ ತೋರಿಸಬಹುದು. ಪ್ಯಾಕ್ ಸತ್ತಿದೆ ಎಂದು ಎಸೆಯುವ ಮೊದಲು ಹೊರಗಿನ ದೋಷವನ್ನು ಸರಿಪಡಿಸಿ, ಸರಿಯಾದ ಚಾರ್ಜರನ್ನು ಕೂಡಿಸಿ ನೋಡಿ. ಹಲವು ಫಲಕಗಳು ಆಗ ತಾವಾಗಿ ತೆರೆದುಕೊಳ್ಳುತ್ತವೆ. ಬಿಎಂಎಸ್ ಅನ್ನು ಬದಿಗಿಟ್ಟು ತಂತಿಯನ್ನು ನೇರವಾಗಿ ಕೂಡಿಸುವ 'ದುರಸ್ತಿ'ಗೆ ಒಪ್ಪಲೇಬೇಡಿ. ಕೋಶವೊಂದು ಅತಿ ಕಡಿಮೆ ವೋಲ್ಟಿನಲ್ಲಿ ಬಹುಕಾಲ ಬಿದ್ದಿದ್ದರೆ ಅದರೊಳಗಿನ ತಾಮ್ರದ ಹಾಳೆಯೇ ಕರಗಲಾರಂಭಿಸಬಹುದು. ಮತ್ತೆ ಚಾರ್ಜು ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗಿನ ಶಾರ್ಟ್ ಆಗುತ್ತದೆ. ಹೀಗೆ ಬಿದ್ದ ಪ್ಯಾಕನ್ನು ಬೇರೆ ಬ್ಯಾಟರಿಯಿಂದ ಎಬ್ಬಿಸುವ ಪ್ರಯತ್ನ ಸಲ್ಲದು.

ಪೇಟೆಯಲ್ಲಿ ಕೋಶ ಬದಲಿಸಿ ಕಟ್ಟಿಸಿದ ಪ್ಯಾಕ್‌ಗಳಲ್ಲಿ ನಾನು ಮೊದಲು ನೋಡುವ ಜಾಗ ಒಂದೇ: ಕೋಶದ ಧನ ತುದಿಯ ಅಂಚು. ಈ ಕೋಶದ ಇಡೀ ಲೋಹದ ಮೈ ಋಣ ಧ್ರುವ. ಧನ ತುದಿಗೂ ಅದಕ್ಕೂ ನಡುವೆ ಇರುವುದು ಕೂದಲೆಳೆಯಷ್ಟು ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಧನ ತುದಿಗೆ ಬೆಸೆದ ನಿಕಲ್ ಪಟ್ಟಿ ಆ ಅಂಚಿನ ಮೇಲೆ ಹಾದುಹೋಗುತ್ತದೆ. ಹೆಗಲ ಮೇಲಿನ ಯಂತ್ರದ ನಡುಕಕ್ಕೆ ದಿನವೂ ಉಜ್ಜಿ ಹೊದಿಕೆ ಸವೆದ ದಿನ ಶಾರ್ಟ್ ಆಗುತ್ತದೆ. ಪ್ರತಿ ಧನ ತುದಿಗೂ ಬಾರ್ಲಿ ಪೇಪರಿನ ಉಂಗುರ ಅಂಟಿಸಲು, ಪಟ್ಟಿಯನ್ನು ಕಾಯಿಸಿದ ಬೆಸುಗೆ ಕೋಲಿನ ಬದಲು ಸ್ಪಾಟ್ ವೆಲ್ಡಿಂಗ್‌ನಿಂದ ಕೂಡಿಸಲು ಕೇಳಿ. ಈ ಉಂಗುರದ ಬೆಲೆ ಲೆಕ್ಕಕ್ಕೆ ಬರುವಂತಹುದಲ್ಲ.

ಡ್ರೋನ್ ಬಳಸುವವರಿಗೆ

2023ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ 'ನಮೋ ಡ್ರೋನ್ ದೀದಿ' ಯೋಜನೆಯಿಂದ ಸ್ವಸಹಾಯ ಗುಂಪುಗಳ ಮಹಿಳೆಯರ ಕೈಗೂ ಸಿಂಪರಣಾ ಡ್ರೋನ್‌ಗಳು ಬಂದಿವೆ. ಇವುಗಳ ಲಿಥಿಯಂ ಪಾಲಿಮರ್ ಪ್ಯಾಕ್‌ಗಳು ಅಲ್ಪ ಕಾಲದಲ್ಲಿ ಭಾರೀ ವಿದ್ಯುತ್ತು ಕೊಡಲೆಂದೇ ತಯಾರಾದವು. 12 ಕೋಶಗಳ ಪ್ಯಾಕ್ ತುಂಬಿದಾಗ 50.4 ವೋಲ್ಟ್ ಇರುತ್ತದೆ. ಕೋಶಗಳಿಗೆ ಗಟ್ಟಿ ಕವಚವಿಲ್ಲ, ಮೆತ್ತನೆಯ ಚೀಲವಿದೆ. ಡ್ರೋನ್ ಬಿದ್ದರೆ ಪ್ಯಾಕ್ ಹೊರನೋಟಕ್ಕೆ ಸರಿಯಿದ್ದರೂ ತಕ್ಷಣ ಚಾರ್ಜಿಗೆ ಹಾಕದೆ ಬಯಲಿನಲ್ಲಿಟ್ಟು ಗಮನಿಸಿ, ಪ್ರತಿ ಕೋಶದ ವೋಲ್ಟನ್ನು ಅಳೆಯಿರಿ. ಉಳಿದವುಗಳಿಗಿಂತ ಒಂದು ಕೋಶ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಅದರೊಳಗೆ ಸಣ್ಣ ಶಾರ್ಟ್ ಇದೆ. ಪ್ಲಗ್ ಕೂಡಿಸುವಾಗ ಬರುವ ಒಂದು ಚಿಟ್ ಸದ್ದು ಮತ್ತು ಕಿಡಿ ಮಾತ್ರ ಶಾರ್ಟ್ ಅಲ್ಲ. ಡ್ರೋನಿನೊಳಗಿನ ಕೆಪಾಸಿಟರ್ ತುಂಬಿಕೊಳ್ಳುವ ಸದ್ದು ಅದು. ಹಾರಿಸಿ ಇಳಿಸಿದ ಬಿಸಿ ಪ್ಯಾಕನ್ನು ತಣಿಸದೆ ಚಾರ್ಜು ಮಾಡಬಾರದು. ಬಳಸದ ದಿನಗಳಲ್ಲಿ ಪ್ರತಿ ಕೋಶ 3.8 ವೋಲ್ಟಿನ ಆಸುಪಾಸಿನಲ್ಲಿರಲಿ.

ತಡೆಯುವ ಕ್ರಮಗಳು

ಎಲ್ಲಕ್ಕಿಂತ ಮುಖ್ಯವಾದುದು ಫ್ಯೂಸು. ಪಂಪು ಎಳೆಯುವ ವಿದ್ಯುತ್ತಿನ ಒಂದೂವರೆಯಿಂದ ಎರಡು ಪಟ್ಟಿನ ಫ್ಯೂಸು ಸಾಕು. ವಾಹನಗಳ ಬ್ಲೇಡ್ ಫ್ಯೂಸುಗಳಲ್ಲಿ ತಿಳಿಕಂದು ಬಣ್ಣದ್ದು 5, ಕಂದು ಬಣ್ಣದ್ದು 7.5, ಕೆಂಪು ಬಣ್ಣದ್ದು 10 ಆಂಪಿಯರ್. ಫ್ಯೂಸನ್ನು ಧನ ಧ್ರುವದಿಂದ ನಾಲ್ಕು ಬೆರಳಿನಷ್ಟು ಹತ್ತಿರದಲ್ಲಿ ಹಾಕಬೇಕು. ಧ್ರುವ ಮತ್ತು ಫ್ಯೂಸಿನ ನಡುವಿನ ತಂತಿಗೆ ರಕ್ಷಣೆ ಇರುವುದಿಲ್ಲ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿಯ ಎಳೆ, ಬೀಡಿ ಕಟ್ಟಿನ ಹಾಳೆ ಅಥವಾ ದೊಡ್ಡ ಫ್ಯೂಸು ಹಾಕಿದರೆ ಮುಂದಿನ ಸಲ ಫ್ಯೂಸಿನ ಕೆಲಸವನ್ನು ತಂತಿಯೇ ಮಾಡುತ್ತದೆ.

ಟ್ಯಾಂಕನ್ನು ತುಂಬಿಸುವಾಗ ಆಲಿಕೆ ಬಳಸಿ. ಸಿಂಪಡಣೆ ಮುಗಿದ ಮೇಲೆ ಟ್ಯಾಂಕಿಗೆ ಶುದ್ಧ ನೀರು ಹಾಕಿ ಮೂರು ಬಾರಿ ಪಂಪು ಓಡಿಸಿ ತೊಳೆದು, ಬ್ಯಾಟರಿ ಗೂಡನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ನಂತರವೇ ಚಾರ್ಜಿಗೆ ಹಾಕಿ. ಗೂಡಿನ ಮೇಲೆ ನೇರವಾಗಿ ಪೈಪಿನ ನೀರು ಬಿಡಬಾರದು. ಟರ್ಮಿನಲ್‌ಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಕೊಂಡಿ ಸಡಿಲವಿದ್ದರೆ ಬಿಗಿಪಡಿಸಿ. ಸಡಿಲ ಕೊಂಡಿ ತಾನು ಕಾದು ಪಕ್ಕದ ತಂತಿಯ ಹೊದಿಕೆಯನ್ನೂ ಕರಗಿಸುತ್ತದೆ. ಬ್ಯಾಟರಿ ಬಿಚ್ಚುವಾಗ ಒಂದು ತಂತಿಯನ್ನು ತೆಗೆದು, ಅದರ ತುದಿಗೆ ಟೇಪು ಸುತ್ತಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ. ಟ್ರ್ಯಾಕ್ಟರ್ ಬ್ಯಾಟರಿಗಾದರೆ ಮೊದಲು ಋಣ ತಂತಿಯನ್ನೇ ತೆಗೆಯಬೇಕು. ಟ್ರ್ಯಾಕ್ಟರಿನ ಮೈ ಋಣಕ್ಕೆ ಕೂಡಿರುವುದರಿಂದ, ಧನವನ್ನು ಬಿಚ್ಚುವ ಪಾನಾ ಮೈಗೆ ತಗುಲಿದರೂ ಆಗ ಕಿಡಿ ಬರುವುದಿಲ್ಲ.

ಚಾರ್ಜು ಮಾಡುವ ಜಾಗ ಗಾಳಿಯಾಡುವ ಜಗಲಿಯಾಗಿರಲಿ. ಕಲ್ಲು ಅಥವಾ ಸಿಮೆಂಟಿನ ನೆಲವಿರಲಿ. ಮಲಗುವ ಕೋಣೆ, ಹುಲ್ಲಿನ ಬಣವೆ, ಔಷಧಿ ಇಡುವ ಕಪಾಟು ಹತ್ತಿರವಿರಬಾರದು. ಮನೆಯವರು ಎಚ್ಚರವಿರುವ ಹೊತ್ತಿನಲ್ಲಿಯೇ ಚಾರ್ಜು ಮುಗಿಸಿ. ಲಿಥಿಯಂ ಪ್ಯಾಕ್ ಹೊತ್ತಿಕೊಂಡರೆ ಹೊಗೆಯನ್ನು ಸೇವಿಸದಂತೆ ಗಾಳಿ ಬೀಸಿ ಬರುವ ಕಡೆಯಲ್ಲಿ ನಿಂತು, ಚಾರ್ಜರಿನ ಮೇನ್ ಸ್ವಿಚ್ಚನ್ನು ಆರಿಸಿ, ದೂರದಿಂದ ಧಾರಾಳವಾಗಿ ನೀರು ಹಾಕಿ ತಣಿಸಬೇಕು. ಮರಳು ಜ್ವಾಲೆಯನ್ನು ಮುಚ್ಚಬಹುದು, ಆದರೆ ಒಳಗಿನ ಕಾವನ್ನು ಇಳಿಸುವುದಿಲ್ಲ. ಆರಿದ ಪ್ಯಾಕ್ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ಒಳಗೆ ತರಬೇಡಿ. ಬೆಂಕಿ ಹತೋಟಿ ಮೀರುವಂತಿದ್ದರೆ 112ಕ್ಕೆ ಕರೆ ಮಾಡಿ.

ವಿಸ್ತರಣಾ ಕಾರ್ಯಕರ್ತರು ಸಿಂಪರಣೆಯ ಪ್ರಾತ್ಯಕ್ಷಿಕೆಗೆ ಹೋಗುವಾಗ ಒಂದು ಮೀಟರ್, ಮೇಲೆ ಹೇಳಿದ ಬಲ್ಬು ಮತ್ತು ನಾಲ್ಕಾರು ಫ್ಯೂಸುಗಳನ್ನು ಜೊತೆಗೆ ಒಯ್ದರೆ, ರೈತರು ತಂದ ಯಂತ್ರಗಳಲ್ಲಿ ಫ್ಯೂಸಿನ ಜಾಗದಲ್ಲಿ ಏನಿದೆ ಎಂಬುದನ್ನು ಅಲ್ಲಿಯೇ ತೆರೆದು ನೋಡಬಹುದು.

ಕೆಟ್ಟ ಬ್ಯಾಟರಿಯನ್ನು ಒಡೆಯುವುದು, ಸುಡುವುದು, ಬಾವಿಯ ಬಳಿ ಅಥವಾ ತಿಪ್ಪೆಗೆ ಎಸೆಯುವುದು ಬೇಡ. ಸೀಸವು ಮಣ್ಣು ಸೇರಿದರೆ ಅಲ್ಲಿಯೇ ಉಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಧ್ರುವಗಳೆರಡಕ್ಕೂ ಟೇಪು ಸುತ್ತಿ, ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಒಪ್ಪಿಸಿ. ಸೀಸ-ಆಮ್ಲ ಬ್ಯಾಟರಿಗೆ ತೂಕದ ಮೇಲೆ ಹಣವೂ ಸಿಗುತ್ತದೆ.